'ದೇಹಿ ಮೇ' ಮತ್ತು 'ದಾಮೆ'

ಆಜ್ಞೆಯ ಕ್ರಿಯಾಪದಕ್ಕೆ ಸರ್ವನಾಮಗಳು ಬೆನ್ನಹಿಂದೆ ಅಂಟಿಕೊಳ್ಳುವುದು ಸ್ಪೇನ್ ದೇಶದ ಭಾಷೆಯ ಪದ್ಧತಿ. 'ದಾ' ಎಂದರೆ ಕೊಡು, 'ಮೆ' ಎಂದರೆ ನನಗೆ, 'ಲೊ' ಎಂದರೆ ಅದನ್ನು. ಮೂರೂ ಸೇರಿ 'ದಾಮೆಲೊ' ಎಂಬ ಒಂದೇ ಪದವಾಗುವುದು. ನಿಷೇಧದಲ್ಲಿ ಮಾತ್ರ ಇವು ಕ್ರಿಯಾಪದದ ಹಿಂಬದಿಯನ್ನು ಬಿಟ್ಟು ಮುಂದೆ ಬಂದು ನಿಲ್ಲುವುವು: 'ನೋ ಮೆ ಲೊ ದೆಸ್', ಅದನ್ನು ನನಗೆ ಕೊಡಬೇಡ.

ಮಂಗಳೂರಿನ ಕಾವೂರಿನಲ್ಲಿ ಎಪ್ಪತ್ತು ದಾಟಿದ ಗೃಹಿಣಿಯೊಬ್ಬರು ಇದನ್ನು ಕಲಿಯತೊಡಗಿದುದು ವ್ಯಾಕರಣದ ಆಸೆಯಿಂದಲ್ಲ. ಮಗಳ ಸಂಸಾರವು ಮದ್ರೀದಿನಲ್ಲಿ. ಅಲ್ಲಿ ಹುಟ್ಟಿದ ಮೊಮ್ಮಗನಿಗೆ ತುಳು ಅರ್ಥವಾಗುವುದು, ನಾಲಗೆಗೆ ಬಾರದು. ರಜೆಯಲ್ಲಿ ಬಂದ ಹುಡುಗನು ಅಡುಗೆಮನೆಯ ಬಾಗಿಲಲ್ಲಿ ನಿಂತು 'ದಾಮೆಲೊ' ಎಂದು ಅಳುವನು, ಅಜ್ಜಿಯು ನೀರಿನ ಲೋಟವನ್ನು ಹಿಡಿಯುವರು, ಅಳು ಇಮ್ಮಡಿಸುವುದು. ನೀರು ಆ ಭಾಷೆಯಲ್ಲಿ ಸ್ತ್ರೀಲಿಂಗ, ಬೇಕಿದ್ದರೆ 'ದಾಮೆಲಾ' ಎನ್ನುತ್ತಿದ್ದನೆಂದು ಮಗಳು ಬಿಡಿಸಿ ಹೇಳಿದಳು. ಬಾಯಾರಿದ ಮಗುವೂ ಲಿಂಗವನ್ನು ತಪ್ಪದು!

ಅಜ್ಜಿಯು ಹೇಳಹೋದರೆ ಬರಿಯ 'ದಾ' ಎಂದು ನಿಲ್ಲುವರು. ಇದು ಸಹಜವೇ. ತುಳುವಿನಲ್ಲಿ 'ಕೊರ್ಲ', ಕನ್ನಡದಲ್ಲಿ 'ಕೊಡು' ಎಂದು ಕೈಚಾಚಿದರೆ ಯಾರಿಗೆ, ಏನನ್ನು ಎಂಬುದು ಸಂದರ್ಭದಿಂದಲೇ ತಿಳಿಯುವುದು. ಫಲವು ಯಾರಿಗೆಂದು ಸೂಚಿಸಲೇಬೇಕಾದಲ್ಲಿ ಕನ್ನಡವು ಸರ್ವನಾಮವನ್ನು ಅಂಟಿಸದೆ ಇನ್ನೊಂದು ಧಾತುವನ್ನೇ ಕೂಡಿಸುವುದು: ಪರರಿಗಾದರೆ 'ಬರೆದುಕೊಡು', ತನಗಾದರೆ 'ಬರೆದುಕೋ'. ಪರಸ್ಮೈಪದ, ಆತ್ಮನೇಪದಗಳ ನೆನಪನ್ನು ತರುವ ಈ ಭೇದವು ಸಾಮಾನ್ಯವಾದುದಲ್ಲ.

ಆಕೆಗೆ ದಾರಿ ತೋರಿದುದು ಬಾಲ್ಯದಲ್ಲಿ ತಂದೆಯಿಂದ ಕಲಿತ ಸಂಸ್ಕೃತ. 'ದೇಹಿ ಮೇ' ಎಂಬಲ್ಲಿಯ 'ಮೇ' 'ಮಹ್ಯಂ' ಎಂಬುದರ ಹ್ರಸ್ವರೂಪ. ಅದು ವಾಕ್ಯದ ಆದಿಯಲ್ಲಿ ನಿಲ್ಲಲಾರದು. ಪಾಣಿನಿಯು ಅಷ್ಟಾಧ್ಯಾಯಿಯ 8ನೆಯ ಅಧ್ಯಾಯದಲ್ಲಿ ಅದನ್ನು ಅನುದಾತ್ತವೆಂದು ವಿಧಿಸಿದ್ದಾನೆ. ಸ್ಪೇನಿನ 'ದಾಮೆಲೊ'ದಲ್ಲಿಯೂ ಒತ್ತು 'ದಾ' ಎಂಬಲ್ಲೇ, ಬೆನ್ನಿನವು ಒತ್ತಿಲ್ಲದವು. ಲ್ಯಾಟಿನ್ ಮೂಲಕ ಬಂದ ಆ 'ದಾ'ವೂ ಸಂಸ್ಕೃತದ 'ದಾ' ಧಾತುವೂ ಒಡಹುಟ್ಟಿದವು. ಇದು ತಿಳಿದ ದಿನದಿಂದ ಆಕೆ 'ಮೆ'ಯನ್ನು ಮರೆಯಲಿಲ್ಲ.

ಒಂದು ಅಸಮಾಧಾನ ಮಾತ್ರ ಉಳಿಯಿತು. 'ದಾಮೆಲೊ' ಏಕವಚನ, ಗೌರವಕ್ಕೆ 'ದೇಮೆಲೊ' ಎಂಬ ರೂಪವುಂಟು. ಅಲ್ಲಿ ಮಕ್ಕಳು ಅಜ್ಜಿಯನ್ನು ಏಕವಚನದಲ್ಲಿಯೇ ಕರೆಯುವರೆಂದು ಮಗಳು ಹೇಳಿದರೂ ಆಕೆಗೆ ಸರಿಬೀಳಲಿಲ್ಲ. ಹುಡುಗನನ್ನು ಹತ್ತಿರ ಕುಳ್ಳಿರಿಸಿಕೊಂಡು, ಹಿರಿಯರೊಡನೆ 'ಕೊರ್ಲೆ' ಎನ್ನಬೇಕೆಂದು ಕಲಿಸಿದರು. ಮರುದಿನ ಅವನು ಹಲಸಿನ ಹಪ್ಪಳದ ಡಬ್ಬಿಯನ್ನು ತೋರಿಸಿ, ಬಹು ವಿನಯದಿಂದ, 'ಅಜ್ಜಿ, ಕೊರ್ಲೆಮೆಲೊ' ಎಂದನು. ಆ ಮನೆಯಲ್ಲಿ ಇದುವರೆಗೆ ಅದನ್ನು ಯಾರೂ ತಿದ್ದಿಲ್ಲ.