ಅವ್ವನ ತಣ್ಣನೆಯ ಹಣೆ ಮತ್ತು ನಾವು ಕೊಟ್ಟ ಗುಳಿಗಿಗಳು

ನಮ್ಮ ಮನೆಯಲ್ಲಿ ಯಾರಿಗೆ ತಲೆನೋವು ಬಂದರೂ ಮೊದಲು ಹಣೆ ಮುಟ್ಟಿ ನೋಡುತ್ತೇವೆ. ಬಿಸಿ ಇದ್ದರೆ ಜ್ವರ, ದವಾಖಾನೆಗೆ ನಡೆ. ತಣ್ಣಗಿದ್ದರೆ ಏನೂ ಇಲ್ಲ, ಒಂದು ಗುಳಿಗಿ ನುಂಗಿ ಮಲಗು. ಎರಡು ವರ್ಷ ನಾವು ಅವ್ವನಿಗೆ ಹೀಗೇ ಮಾಡಿದೆವು.

ಅವ್ವನ ಹಣೆ ಯಾವಾಗಲೂ ತಣ್ಣಗೇ ಇರುತ್ತಿತ್ತು. ಕೊಪ್ಪಳ ಸೀಮೆಯ ಬೇಸಿಗೆ ನಿಮಗೆ ಗೊತ್ತಲ್ಲ, ಮೇ ತಿಂಗಳಲ್ಲಿ 40 ಡಿಗ್ರಿ. ನಾವೆಲ್ಲ ಮಾಳಿಗೆ ಮೇಲೆ ಚಾಪೆ ಹಾಸಿ ಮಲಗಿದರೆ ಅವ್ವ ಒಳಗೆ ಕೌದಿ ಹೊದ್ದುಕೊಂಡು ಮಲಗುತ್ತಿದ್ದಳು. "ಫ್ಯಾನ್ ಬಂದ್ ಮಾಡ್ರಪಾ, ತಂಡಿ ಆಗತೈತಿ" ಅಂದರೆ ನಾವು ನಗುತ್ತಿದ್ದೆವು. ಬೆಳಿಗ್ಗೆ ಎದ್ದ ಕೂಡಲೇ "ತಲಿ ಹಿಡದಂಗ ಆಗೇತಿ" ಅನ್ನುತ್ತಿದ್ದಳು. ಓಣಿಯ ಕಿರಾಣಿ ಅಂಗಡಿಯಿಂದ ಗುಳಿಗಿ ತಂದುಕೊಡುತ್ತಿದ್ದೆವು. ವಯಸ್ಸು 58 ಆಯಿತು, ಇವೆಲ್ಲ ಇರುವುದೇ ಅಂದುಕೊಂಡಿದ್ದೆವು.

ಕೊರೊನಾ ಕಾಲದಲ್ಲಿ ತಂದ ಡಿಜಿಟಲ್ ಥರ್ಮಾಮೀಟರ್ ಒಂದು ಮನೆಯಲ್ಲಿತ್ತು. ಒಂದು ದಿನ ಬೆಳಿಗ್ಗೆ ನಮ್ಮ ಮನೆಯಾಕೆ ಅದನ್ನು ಅವ್ವನ ಕಂಕುಳಲ್ಲಿ ಇಟ್ಟಳು. 96.8 ಡಿಗ್ರಿ. 98.6 ಇರಬೇಕಲ್ಲ, ಇಷ್ಟು ಕಡಿಮೆ ಯಾಕೆ ಎಂದು ಗಾಬರಿಯಾಯಿತು. ಫೋನಿನಲ್ಲಿ ಹುಡುಕಿದೆವು. 97.8ಕ್ಕಿಂತ ಕಡಿಮೆ ಇದ್ದರೆ ಥೈರಾಯ್ಡ್ ಕೆಟ್ಟಿದೆ ಎಂದೇ ಅರ್ಥ, ತಲೆನೋವಿಗೂ ಅದೇ ಕಾರಣ ಎಂದು ಒಂದು ವಿಡಿಯೋ ಹೇಳಿತು. ಕೊನೆಗೆ ಒಂದು ಪುಡಿ ಮಾರುವ ನಂಬರ್ ಬಂತು.

ಪುಡಿ ತರಿಸುವ ಮೊದಲು ಮನೆಯವರೆಲ್ಲ ಥರ್ಮಾಮೀಟರ್ ಇಟ್ಟುಕೊಂಡು ನೋಡಿದೆವು. ತಮ್ಮನದು 97, ಮನೆಯಾಕೆಯದು 97.3, ನಮ್ಮದು 97.1. ತಮ್ಮನಿಗೆ ಹುಟ್ಟಿದಾಗಿನಿಂದ ತಲೆನೋವು ಗೊತ್ತಿಲ್ಲ. ಹಾಗಾದರೆ ಮನೆಮಂದಿಗೆಲ್ಲ ರೋಗವೋ, ಲೆಕ್ಕವೇ ತಪ್ಪೋ?

ಆಮೇಲೆ ಕೂತು ಓದಿದೆವು. 98.6 ಎನ್ನುವ ಅಂಕಿ ಜರ್ಮನಿಯ ಡಾಕ್ಟರ್ ಕಾರ್ಲ್ ವುಂಡರ್‌ಲಿಶ್ 1868ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಬಂದದ್ದು. ಸಾವಿರಾರು ರೋಗಿಗಳ ಮೈ ಅಳೆದು ತೆಗೆದ ಸರಾಸರಿ ಅದು, ಎಲ್ಲರಿಗೂ ಹಾಕಿದ ಗೆರೆಯಲ್ಲ. 1992ರಲ್ಲಿ ಅಮೆರಿಕದಲ್ಲಿ 148 ಆರೋಗ್ಯವಂತರನ್ನು ಅಳೆದಾಗ ಸರಾಸರಿ 98.2 ಬಂತು. ಈಚಿನ ತಲೆಮಾರಿನವರ ಮೈಬಿಸಿ ಹಿಂದಿನವರಿಗಿಂತ ಸ್ವಲ್ಪ ಕಡಿಮೆ ಎಂದು 2020ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ತೋರಿಸಿದರು. ಬೆಳಗಿನ ಜಾವ ಮೈಬಿಸಿ ಕಡಿಮೆ, ಸಂಜೆಗೆ ಹೆಚ್ಚು. ಬಾಯಿಯಲ್ಲಿ ಇಟ್ಟದ್ದಕ್ಕಿಂತ ಕಂಕುಳಲ್ಲಿ ಇಟ್ಟರೆ ಸುಮಾರು ಅರ್ಧದಿಂದ ಒಂದು ಡಿಗ್ರಿ ಕಡಿಮೆ ತೋರಿಸುತ್ತದೆ. ವಯಸ್ಸಾದವರದು ಇನ್ನೂ ಸ್ವಲ್ಪ ಕಡಿಮೆ. ಅಂದರೆ ಬೆಳಿಗ್ಗೆ, ಕಂಕುಳಲ್ಲಿ, 58ರ ಅವ್ವನಿಗೆ 96.8 ಎನ್ನುವುದು ದೊಡ್ಡ ವಿಚಿತ್ರವೇನಲ್ಲ.

ವಿಡಿಯೋದ 97.8ಕ್ಕೂ ಒಂದು ಮೂಲ ಇದೆ. ಬ್ರೋಡಾ ಬಾರ್ನ್ಸ್ ಎಂಬ ಅಮೆರಿಕದ ಡಾಕ್ಟರ್ 1942ರಲ್ಲಿ, ಬೆಳಿಗ್ಗೆ ಹಾಸಿಗೆಯಲ್ಲೇ ಮೈಬಿಸಿ ನೋಡಿ ಥೈರಾಯ್ಡ್ ಪತ್ತೆ ಮಾಡಬಹುದು ಎಂದು ಬರೆದರು. ಆಗ ಇವತ್ತಿನಂಥ ರಕ್ತಪರೀಕ್ಷೆ ಇರಲಿಲ್ಲ. ಈಗ ಇದೆ. ಥರ್ಮಾಮೀಟರ್ ನೋಡಿ ಥೈರಾಯ್ಡ್ ಹೇಳುವುದನ್ನು ವೈದ್ಯರು ಒಪ್ಪುವುದಿಲ್ಲ.

ಇಷ್ಟು ಓದಿ ನಮಗೆ ಸಮಾಧಾನವಾಯಿತು. ನಾವು ತಪ್ಪಿದ್ದು ಅಲ್ಲೇ. ಅಂಕಿ ಸುಳ್ಳು ಅಂದಮೇಲೆ ಅವ್ವನ ತಂಡಿಯೂ ಸುಳ್ಳು ಎಂದು ಮತ್ತೆರಡು ತಿಂಗಳು ಸುಮ್ಮನಾದೆವು.

ಕೊನೆಗೆ ಮಾತೆತ್ತಿದ್ದು ನಮ್ಮ ಓಣಿಯ ಆಶಾ ಕಾರ್ಯಕರ್ತೆ. ಬೇರೆ ಕೆಲಸಕ್ಕೆ ಬಂದವರು ಅವ್ವನ ಮುಖ ನೋಡಿ, "ಯಾಕ್ರೀ ಅಮ್ಮಾರ, ಮಾರಿ ಬಾತದಲ್ಲ, ಧ್ವನಿನೂ ಗಡಸು ಆಗೇತಿ" ಅಂದರು. ದಿನಾ ನೋಡುವ ನಮಗೆ ಅದು ಕಂಡಿರಲಿಲ್ಲ. ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಡಾಕ್ಟರ್ ಮೇಡಂ ಥರ್ಮಾಮೀಟರಿನ ಅಂಕಿ ಕೇಳಲೇ ಇಲ್ಲ. ತಂಡಿ ಎಷ್ಟು ದಿನದಿಂದ, ಮಲಬದ್ಧತೆ ಇದೆಯೇ, ತೂಕ ಏರಿದೆಯೇ, ಕೂದಲು ಉದುರುತ್ತದೆಯೇ, ಚರ್ಮ ಒಣಗಿದೆಯೇ ಎಂದು ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಅವ್ವ ಹೂಂ ಅಂದಳು. ನಾವು ಒಂದನ್ನೂ ಕೇಳಿರಲಿಲ್ಲ. ಬಿಪಿ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ, "ತಿಂಗಳಿಗೆ ಎಷ್ಟು ದಿನ ತಲೆನೋವಿನ ಗುಳಿಗಿ ಕೊಡ್ತೀರಿ?" ಅಂದರು. ನಾವು ಬಾಯಿ ಬಿಡಲಿಲ್ಲ. ಅವ್ವನೇ ಹೇಳಿದಳು: "ವಾರದಾಗ ನಾಕೈದು ದಿನ ತಗೋತೀನ್ರೀ."

ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 31 ಬಂತು. ಸಾಮಾನ್ಯವಾಗಿ ಅದು 4–5ರ ಒಳಗೆ ಇರಬೇಕು. ರಕ್ತವೂ ಸ್ವಲ್ಪ ಕಡಿಮೆ ಇತ್ತು. ರಕ್ತ ಕಡಿಮೆ ಇದ್ದರೂ ತಂಡಿ, ತಲೆನೋವು ಬರುತ್ತವಂತೆ.

ಮೇಡಂ ಬಿಡಿಸಿ ಹೇಳಿದರು. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ರಸ ಕಡಿಮೆಯಾದರೆ ಮೈಯ ಒಲೆ ಸಣ್ಣ ಉರಿಯಲ್ಲಿ ಇಟ್ಟ ಹಾಗೆ. ಒಳಗಿನ ಬಿಸಿ ಉಳಿಸಿಕೊಳ್ಳಲು ದೇಹ ಚರ್ಮದ ಕಡೆಗೆ ರಕ್ತ ಕಡಿಮೆ ಬಿಡುತ್ತದೆ. ಹಾಗಾಗಿ ಕೈಕಾಲು ತಣ್ಣಗಾಗುತ್ತವೆ, ಥರ್ಮಾಮೀಟರಿನ ಅಂಕಿ ಮಾತ್ರ ಹೆಚ್ಚು ಇಳಿಯುವುದಿಲ್ಲ. ಥೈರಾಯ್ಡ್ ಕಡಿಮೆಯಾದಾಗ ಕೆಲವರಿಗೆ ತಲೆಯ ಎರಡೂ ಬದಿ ಒಂದೇ ಸಮನೆ ನೋಯುತ್ತದೆ, ಚಿಕಿತ್ಸೆಯಿಂದ ಇಳಿಯುತ್ತದೆ. ಮೈ ತಣ್ಣಗಾದದ್ದರಿಂದ ತಲೆನೋವು ಬಂದದ್ದಲ್ಲ, ಎರಡಕ್ಕೂ ಬೇರು ಒಂದೇ.

ಎರಡನೆಯ ಮಾತು ನಮಗೆ ನೇರ ತಟ್ಟಿತು. ಸಾದಾ ನೋವಿನ ಗುಳಿಗಿಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೇಲೆ ತೆಗೆದುಕೊಂಡರೆ ಗುಳಿಗಿಯೇ ತಲೆನೋವು ತರುತ್ತದೆ. ಎರಡು ಮೂರು ಔಷಧಿ ಕೂಡಿಸಿದ ಗುಳಿಗಿಯಾದರೆ 10 ದಿನವೇ ಸಾಕು. ಅಂದರೆ ಅವ್ವನ ತಲೆನೋವಿನಲ್ಲಿ ಒಂದು ಪಾಲು ನಾವೇ ಅಂಗಡಿಯಿಂದ ತಂದುಕೊಟ್ಟದ್ದು.

ಥೈರಾಯ್ಡ್ ಗುಳಿಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ. ಅರ್ಧದಿಂದ ಒಂದು ಗಂಟೆ ಚಹಾ ಇಲ್ಲ. ಅವ್ವನಿಗೆ ಕಷ್ಟವಾದದ್ದು ಇದೊಂದೇ. ರಕ್ತದ ಗುಳಿಗಿಯನ್ನು ಅದಾಗಿ ನಾಲ್ಕು ತಾಸು ಬಿಟ್ಟು ಕೊಡಬೇಕು. ಆರರಿಂದ ಎಂಟು ವಾರಕ್ಕೆ ಮತ್ತೆ ರಕ್ತಪರೀಕ್ಷೆ. ನೋವಿನ ಗುಳಿಗಿ ಬಿಟ್ಟ ಮೊದಲ ವಾರ ತಲೆನೋವು ಇನ್ನೂ ಹೆಚ್ಚಾಯಿತು. ಹಾಗಾಗುತ್ತದೆ ಎಂದು ಮೇಡಂ ಮೊದಲೇ ಹೇಳಿದ್ದರಿಂದ ತಡೆದೆವು. ಮೂರು ತಿಂಗಳ ಮೇಲೆ ತಲೆನೋವು ತಿಂಗಳಿಗೆ ಮೂರು ನಾಲ್ಕು ದಿನಕ್ಕೆ ಇಳಿಯಿತು. ಪೂರಾ ಹೋಗಿಲ್ಲ. ಒಂದು ಬೆಳಿಗ್ಗೆ ಕುತೂಹಲಕ್ಕೆ ಥರ್ಮಾಮೀಟರ್ ಇಟ್ಟೆವು. 97. ಅವ್ವ ಇಷ್ಟು ಸುಧಾರಿಸಿದರೂ ಅಂಕಿ ಏರಿದ್ದು 0.2 ಮಾತ್ರ.

ನಾವು ಜಿಲ್ಲೆಯ ಆಸ್ಪತ್ರೆಗಳ ಸುದ್ದಿ ಬರೆಯುವವರು. ಎಲ್ಲಿ ಡಾಕ್ಟರ್ ಇಲ್ಲ, ಎಲ್ಲಿ ಔಷಧಿ ಇಲ್ಲ ಎಂದು ಎಷ್ಟೋ ಸಲ ಬರೆದಿದ್ದೇವೆ. ನಮ್ಮ ಮನೆಯ ವಿಷಯದಲ್ಲಿ ಡಾಕ್ಟರೂ ಇದ್ದರು, ಔಷಧಿಯೂ ಇತ್ತು. ಅವ್ವ ಎರಡು ವರ್ಷ ಹೇಳುತ್ತಲೇ ಇದ್ದಳು, ಕೇಳುವವರು ಇರಲಿಲ್ಲ.

ನಿಮ್ಮ ಮನೆಯಲ್ಲೂ ಬೇಸಿಗೆಯಲ್ಲಿ ಕೌದಿ ಹೊದೆಯುವವರಿದ್ದರೆ ನಗಬೇಡಿ, ಒಮ್ಮೆ ಟಿಎಸ್‌ಎಚ್ ಮತ್ತು ರಕ್ತ ಪರೀಕ್ಷೆ ಮಾಡಿಸಿ. ತಿಂಗಳಿಗೆ ಎಷ್ಟು ದಿನ ಗುಳಿಗಿ ನುಂಗುತ್ತಾರೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 50 ದಾಟಿದ ಮೇಲೆ ಹೊಸದಾಗಿ ತಲೆನೋವು ಶುರುವಾದರೆ ಡಾಕ್ಟರಿಗೆ ತೋರಿಸಿ. ತಲೆನೋವಿನ ಜೊತೆ ಜ್ವರ ಬಂದು ಕುತ್ತಿಗೆ ಸೆಟೆದರೆ, ಮಾತು ತೊದಲಿದರೆ, ಒಂದು ಬದಿಯ ಕೈಕಾಲು ಸೋತರೆ, ಅಥವಾ ಸಿಡಿಲು ಬಡಿದಂತೆ ಒಮ್ಮೆಲೇ ನೋವು ಬಂದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಮೈಬಿಸಿ 95ಕ್ಕಿಂತ ಇಳಿದು ಮಂಪರು ಬಂದರೂ ಅಷ್ಟೇ.

ಈ ಬೇಸಿಗೆಯಲ್ಲಿ ಅವ್ವ ನಮ್ಮ ಜೊತೆ ಮಾಳಿಗೆ ಮೇಲೆ ಮಲಗಿದಳು. ಕೌದಿ ತಂದಿದ್ದಳು, ಆದರೆ ತಲೆಯ ಕೆಳಗೆ ಇಟ್ಟುಕೊಳ್ಳಲು.