ನಮ್ಮ ತಾತ ಮತ್ತು ಅಲಾಸ್ಕಾದ ಆಟ

ಕಳೆದ ವಾರ ನಮ್ಮ ಮೇಷ್ಟ್ರು ಅಲಾಸ್ಕಾದ ವಿಷಯ ಹೇಳಿದರು. ಅಲ್ಲಿನ ಫೇರ್‌ಬ್ಯಾಂಕ್ಸ್ ಊರಿನಲ್ಲಿ 1961ರಲ್ಲಿ ಮೂಲನಿವಾಸಿಗಳ ಕ್ರೀಡಾಕೂಟ ಶುರುವಾಯಿತಂತೆ. ಈಗ ಅದರ ಹೆಸರು ವರ್ಲ್ಡ್ ಎಸ್ಕಿಮೋ-ಇಂಡಿಯನ್ ಒಲಿಂಪಿಕ್ಸ್. ಅಲ್ಲಿ ಆಟವೂ ಉಂಟು, ಕುಣಿತವೂ ಉಂಟು. ಒಂದು ಆಟದಲ್ಲಿ ಮೇಲೆ ತೂಗುಬಿಟ್ಟ ಚೆಂಡನ್ನು ನೆಗೆದು ಒಂದು ಕಾಲಿನಿಂದ ಒದ್ದು, ಅದೇ ಕಾಲಿನ ಮೇಲೆ ಇಳಿದು ನಿಲ್ಲಬೇಕು. ಹಿಂದೆ ಬೇಟೆ ಸಿಕ್ಕಿದಾಗ ಊರಿಗೆ ಓಡಿ ಬಂದವನು ದೂರದಿಂದಲೇ ಹೀಗೆ ನೆಗೆದು ಸುದ್ದಿ ತಿಳಿಸುತ್ತಿದ್ದನಂತೆ. ಒಬ್ಬನೇ ನಾಲ್ವರನ್ನು ಹೊತ್ತು ನಡೆಯುವ ಆಟವೂ ಇದೆ. ಅದು ಬೇಟೆಯ ಮಾಂಸ ಹೊತ್ತು ಮನೆಗೆ ತರುತ್ತಿದ್ದ ಕಷ್ಟದ ನೆನಪು.

ಕೇಳುತ್ತಾ ನನಗೆ ನಾಚಿಕೆಯಾಯಿತು. ಅವರು ಹಿರಿಯರ ಕೆಲಸವನ್ನು ಎಲ್ಲರ ಮುಂದೆ ಆಡಿ ತೋರಿಸುತ್ತಾರೆ. ನಾನು ಮುಚ್ಚಿಟ್ಟೆ. ನಮ್ಮ ತಾತ ಎತ್ತರದ ಮರ ಹತ್ತಿ ಜೇನು ಕೀಳುವವರು. ಹಾಡಿಯವನು ಅಂತ ನಗ್ತಾರೆ ಅಂದ್ಕೊಂಡು ಗೆಳೆಯರ ಹತ್ತಿರ ‘ತಾತ ಕೂಲಿಗೆ ಹೋಗ್ತಾರೆ’ ಅಂದುಬಿಟ್ಟಿದ್ದೆ.

ಅವತ್ತು ಸಂಜೆ ಕೇಳಿದೆ, “ತಾತಾ, ಮರ ಹತ್ತೋದು ನಂಗೂ ಹೇಳ್ಕೊಡ್ತೀಯಾ?”

ತಾತ ನನ್ನ ಕಾಲು ನೋಡಿ, “ಮೊದ್ಲು ಚಪ್ಪಲಿ ಬಿಡು” ಅಂದರು.

ಗೆಳೆಯರೇ, ಅವತ್ತು ಹೇಳಿದ್ದು ಸುಳ್ಳು. ನಿಜ ಇಲ್ಲಿ ಬರೆದಿದ್ದೇನೆ.

– 9ನೇ ತರಗತಿಯ ವಿದ್ಯಾರ್ಥಿ