ಗುಡಿಸುವ ಯಂತ್ರಕ್ಕೆ ಅಧಿಕಾರಿ ಯಾರು?

ಗೃಹಸ್ಥನ ಮನೆಯಲ್ಲಿ ಅರಿಯದೆ ಹಿಂಸೆ ನಡೆಯುವ ಐದು ಎಡೆಗಳನ್ನು ಧರ್ಮಶಾಸ್ತ್ರಕಾರರು ಎಣಿಸಿದ್ದಾರೆ: ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ. ಇವಕ್ಕೆ ಪಂಚಸೂನೆಗಳೆಂದು ಹೆಸರು. ಇವುಗಳಿಂದ ಸಾಯುವ ಕ್ರಿಮಿಕೀಟಗಳನ್ನು ನೆನೆದು, ಆ ದೋಷದ ಪರಿಹಾರಕ್ಕಾಗಿ ನಿತ್ಯವೂ ಪಂಚಮಹಾಯಜ್ಞಗಳನ್ನು ಮಾಡಬೇಕೆಂದು ಅವರು ವಿಧಿಸಿದರು. ಆದರೆ ಈ ಐದರ ಮುಂದೆ ದಿನದಿನವೂ ಬಗ್ಗಿ ಸೊಂಟವನ್ನು ಸವೆಯಿಸಿಕೊಂಡವಳ ನೋವು ಆ ಲೆಕ್ಕದಲ್ಲಿ ಸೇರಲಿಲ್ಲ. ಅದನ್ನು ತಗ್ಗಿಸುವ ಕೆಲಸವನ್ನು ಯಂತ್ರಗಳು ಕೈಕೊಂಡಿವೆ. ಒಲೆಯ ಸ್ಥಾನಕ್ಕೆ ಗ್ಯಾಸು ಬಂದಿತು. ಬೀಸುವ ಕಲ್ಲು ಒರಳುಗಳ ಸ್ಥಾನಕ್ಕೆ ಮಿಕ್ಸಿ ಗ್ರೈಂಡರುಗಳು ಬಂದವು. ಕೊಡದ ಸ್ಥಾನಕ್ಕೆ ನಲ್ಲಿ ಬಂದಿತು. ಪೊರಕೆಯೊಂದೇ ಬಹುಕಾಲ ತನ್ನ ಮೂಲೆಯನ್ನು ಬಿಟ್ಟು ಕದಲಲಿಲ್ಲ.

1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬಾತನು ಧೂಳನ್ನು ಹೀರುವ ಯಂತ್ರವೊಂದನ್ನು ಕಟ್ಟಿದನು. ಕುದುರೆಗಳು ಎಳೆಯುತ್ತಿದ್ದ ಆ ಬಂಡಿ ಬೀದಿಯಲ್ಲಿಯೇ ನಿಲ್ಲುತ್ತಿತ್ತು. ಕೊಳವೆಗಳು ಮಾತ್ರ ಕಿಟಕಿಯ ಮೂಲಕ ಮನೆಯೊಳಗೆ ಹೋಗುತ್ತಿದ್ದವು. ಸರಿಯಾಗಿ ನೂರು ವರ್ಷಗಳ ಮೇಲೆ, 2001ರಲ್ಲಿ, ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಸಂಸ್ಥೆಯವರು ತಾನೇ ಸಂಚರಿಸಿ ಗುಡಿಸುವ ಟ್ರೈಲೊಬೈಟ್ ಯಂತ್ರವನ್ನೂ, 2002ರಲ್ಲಿ ಅಮೆರಿಕದ ಐರೋಬಾಟ್ ಸಂಸ್ಥೆಯವರು ರೂಂಬಾ ಯಂತ್ರವನ್ನೂ ಮಾರಾಟಕ್ಕೆ ತಂದರು. ಬೋರಲು ಹಾಕಿದ ಬೋಗುಣಿಯಂತಿರುವ ಈ ರೋಬಾಟ್ ವ್ಯಾಕ್ಯೂಮ್ ಕ್ಲೀನರುಗಳು ಇಂದು ಕನ್ನಡನಾಡಿನ ಮನೆಗಳಿಗೂ ಬರುತ್ತಿವೆ. ಕೊಳ್ಳಬಹುದೆ, ಬೇಡವೆ ಎಂಬುದೇ ಈಗಿನ ಪ್ರಶ್ನೆ.

ಶಾಸ್ತ್ರಗ್ರಂಥವನ್ನು ಆರಂಭಿಸುವಾಗ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ವಿಚಾರಿಸುವ ಪದ್ಧತಿಯುಂಟು. ಈ ಯಂತ್ರವನ್ನೂ ಅದೇ ಒರೆಗಲ್ಲಿಗೆ ಹಚ್ಚಿ ನೋಡಬಹುದು.

ಮೊದಲನೆಯದು ವಿಷಯ. ಒಣ ಧೂಳು, ಕೂದಲು, ತಿಂಡಿಯ ಪುಡಿ ಇವು ಯಂತ್ರಕ್ಕೆ ಸಲ್ಲುವ ಕಸ. ಪೊರಕೆ ಸುಲಭವಾಗಿ ತಲುಪದ ಮಂಚದ ಅಡಿಯನ್ನು ಅದು ಚೆನ್ನಾಗಿ ಗುಡಿಸುತ್ತದೆ. ಊಟದ ಜಾಗದಲ್ಲಿ ಚೆಲ್ಲಿದ ಮಜ್ಜಿಗೆ ಅದರ ಪಾಲಿನದಲ್ಲ. ಒದ್ದೆ ಬಟ್ಟೆಯನ್ನು ಎಳೆದುಕೊಂಡು ಹೋಗುವ ಬಗೆಗಳೂ ಇವೆ; ಅವು ಒರೆಸುತ್ತವೆಯೇ ಹೊರತು ಅಂಟಿದ ಕಲೆಯನ್ನು ಕೈಯಂತೆ ತಿಕ್ಕಲಾರವು. ದುಂಡು ಮೈಯವಾದುದರಿಂದ ಮೂಲೆಯಲ್ಲಿ ಕಸ ಉಳಿಯುವುದುಂಟು. ತೆಂಗಿನ ನಾರು ಕುಂಚಕ್ಕೆ ಸುತ್ತಿಕೊಳ್ಳುತ್ತದೆ. ದೇವರ ಮುಂದಿನ ರಂಗೋಲಿಗೂ ಧೂಳಿಗೂ ಇರುವ ಭೇದವನ್ನಂತೂ ಅದು ಅರಿಯದು.

ಎರಡನೆಯದು ಅಧಿಕಾರಿ, ಎಂದರೆ, ಯಂತ್ರವನ್ನು ಬರಮಾಡಿಕೊಳ್ಳಲು ಅರ್ಹವಾದ ಮನೆ. ಸಾಮಾನ್ಯವಾಗಿ ಇಂಥ ಯಂತ್ರಗಳು ಎರಡು ಸೆಂಟಿಮೀಟರಿಗಿಂತ ಎತ್ತರದ ಹೊಸ್ತಿಲನ್ನು ದಾಟಲಾರವು. ಗೇಣೆತ್ತರದ ಹೊಸ್ತಿಲುಗಳಿರುವ ಹಳೆಯ ಮನೆಯಲ್ಲಿ ಪ್ರತಿಯೊಂದು ಕೋಣೆಯೂ ಅದಕ್ಕೆ ಒಂದೊಂದು ದ್ವೀಪ. ತೊಟ್ಟಿಯ ಅಂಚಿನಲ್ಲಿ ಬೀಳದಂತೆ, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಕೆಳಕ್ಕೆ ಬಿಟ್ಟು ನೆಲವಿದೆಯೆ ಎಂದು ಅದು ಪರೀಕ್ಷಿಸುತ್ತದೆ. ಆದರೆ ಕಪ್ಪು ನೆಲ ಆ ಕಿರಣವನ್ನು ನುಂಗುವುದರಿಂದ, ಕೆಲವು ಯಂತ್ರಗಳು ಕರಿಯ ಕಡಪ ಕಲ್ಲನ್ನೇ ಹಳ್ಳವೆಂದು ಭ್ರಮಿಸಿ ಹಿಂದೆ ಸರಿಯುತ್ತವೆ. ಅದರ ಎತ್ತರ ಸುಮಾರು ಹತ್ತು ಸೆಂಟಿಮೀಟರು. ಮಂಚ ಬೀರುಗಳ ಅಡಿಯಲ್ಲಿ ಅಷ್ಟು ತೆರಪಿರಬೇಕು. ಹೊಸ್ತಿಲಿಲ್ಲದೆ ಒಂದೇ ಸಮನಾಗಿ ಟೈಲ್ಸು ಹಾಸಿದ ಪೇಟೆಯ ಮನೆಯೇ ಮುಖ್ಯಾಧಿಕಾರಿಯೆನ್ನಬೇಕು.

ಮೂರನೆಯದಾದ ಸಂಬಂಧವನ್ನು ಅಂಗಡಿಯವರು ಹೇಳುವುದು ಕಡಿಮೆ. ಯಂತ್ರ ಹೊರಡುವ ಮುನ್ನ ಚಾಪೆಗಳನ್ನು ಸುತ್ತಿಡಬೇಕು. ವಿದ್ಯುತ್ತಿನ ತಂತಿಗಳನ್ನೂ ಜಮಖಾನೆಯ ಕುಚ್ಚುಗಳನ್ನೂ ಮಕ್ಕಳ ಆಟಿಕೆಗಳನ್ನೂ ಎತ್ತಬೇಕು. ಕೆಲಸ ಮುಗಿದ ಮೇಲೆ ಅದರ ಕಸದ ಪೆಟ್ಟಿಗೆಯನ್ನು ಬರಿದುಮಾಡಿ, ಕುಂಚಕ್ಕೆ ಸುತ್ತಿದ ಕೂದಲನ್ನು ಆಗಾಗ ಕತ್ತರಿಸಿ ತೆಗೆಯಬೇಕು. ಮಲೆನಾಡಿನ ಒಂದು ಮನೆಯಲ್ಲಿ, ಬೆಂಗಳೂರಿನಲ್ಲಿರುವ ಮಗನು ಮಂಡಿನೋವಿನ ತಾಯಿಗೆ ಈ ಯಂತ್ರವನ್ನು ಕಳುಹಿಸುವೆನೆಂದಾಗ ಆಕೆ ಕೇಳಿದ್ದು ಇಷ್ಟೆ: “ಮಗಾ, ನೆಲದ ಮೇಲಿನದನ್ನೆಲ್ಲ ಎತ್ತಿಡುವವಳು ನಾನೇ ಆದರೆ, ಎತ್ತಿಟ್ಟ ಮೇಲೆ ಗುಡಿಸುವುದೇನು ದೊಡ್ಡ ಕೆಲಸವೋ?” ಈ ಪ್ರಶ್ನೆಗೆ ಉತ್ತರ ದೊರೆಯದೆ ಹಣ ಕೊಟ್ಟವರ ಮನೆಯಲ್ಲಿ ಯಂತ್ರವು ಬೇಗನೆ ಅಟ್ಟ ಸೇರುತ್ತದೆ.

ಇನ್ನೊಂದು ಸಂಬಂಧವೂ ವಿಚಾರಣೀಯ. ಕೆಲವು ಯಂತ್ರಗಳಿಗೆ ಕ್ಯಾಮೆರಾ ಇರುತ್ತದೆ. 2020ರಲ್ಲಿ ಪರೀಕ್ಷಾರ್ಥವಾಗಿ ಮನೆಗಳಲ್ಲಿ ಓಡಾಡಿದ ಅಂಥ ಯಂತ್ರಗಳು ತೆಗೆದ ಚಿತ್ರಗಳು ಅನ್ಯರ ಕೈಸೇರಿ ಅಂತರ್ಜಾಲಕ್ಕೆ ಬಿದ್ದ ಸಂಗತಿ 2022ರಲ್ಲಿ ಬಯಲಾಯಿತು. ಶೌಚಗೃಹದಲ್ಲಿದ್ದ ಹೆಂಗಸಿನ ಚಿತ್ರವೂ ಅವುಗಳಲ್ಲಿತ್ತು. ಕ್ಯಾಮೆರಾ ಇಲ್ಲದೆ ಲೇಸರ್ ಕಿರಣದಿಂದಲೇ ದಾರಿ ಅಳೆಯುವ ಯಂತ್ರಗಳು ದೊರೆಯುತ್ತಿರುವಾಗ, ಅಂತಃಪುರಕ್ಕೆ ಕಣ್ಣುಳ್ಳ ಯಂತ್ರವನ್ನು ಬಿಟ್ಟುಕೊಳ್ಳುವ ಮೊದಲು ಎರಡು ಸಲ ಯೋಚಿಸುವುದು ಲೇಸು.

ಕಡೆಯದು ಪ್ರಯೋಜನ. ಪೊರಕೆಯನ್ನು ಎಂದೂ ಹಿಡಿಯದ ಯಜಮಾನರು ಯಂತ್ರ ತಂದ ಮರುದಿನವೇ ಕೆಲಸದಾಕೆಯ ಸಂಬಳದಲ್ಲಿ ಗುಡಿಸುವ ಪಾಲನ್ನು ಕಳೆಯಲು ಹೊರಟರೆ, ಅಲ್ಲಿ ದೊರೆತದ್ದು ಉಳಿತಾಯವೇ ಹೊರತು ಪ್ರಯೋಜನವಲ್ಲ. ಮೆಟ್ಟಿಲು, ಅಂಗಳ, ಬಚ್ಚಲು, ಪಾತ್ರೆಗಳು ಆಕೆಗೇ ಉಳಿದಿವೆ. ಬಗ್ಗುವ ಸೊಂಟಕ್ಕೆ ವಿಶ್ರಾಂತಿ ದೊರೆತರೆ ಮಾತ್ರ ಕೊಟ್ಟ ಹಣ ಸಾರ್ಥಕ.

ಮೇಲೆ ಹೇಳಿದ ಮನೆಯವರು ಕೊಳ್ಳುವ ಮೊದಲು ಒಂದು ವಾರ ಪರೀಕ್ಷೆ ಮಾಡಿದರು. ಅಡ್ಡಪಟ್ಟಿಯಿಂದ ಹೊಸ್ತಿಲುಗಳನ್ನು ಅಳೆದರು. ಯಂತ್ರ ಬರುವುದೋ ಎಂಬಂತೆ ಪ್ರತಿದಿನ ಬೆಳಿಗ್ಗೆ ನೆಲವನ್ನು ತೆರವು ಮಾಡಿ, ಅದಕ್ಕೆ ಹಿಡಿದ ಕಾಲವನ್ನೂ ಗುಡಿಸಲು ಹಿಡಿದ ಕಾಲವನ್ನೂ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟರು. ತೆರವು ಮಾಡುವ ಕೆಲಸವನ್ನು ತಂದೆಯವರು ವಹಿಸಿಕೊಂಡರು. ಐದು ಕೋಣೆಗಳಲ್ಲಿ ಹೊಸದಾಗಿ ಕಟ್ಟಿಸಿದ ಎರಡು ಮಾತ್ರ ಯಂತ್ರಕ್ಕೆ ತಕ್ಕವೆಂದು ಗೊತ್ತಾಯಿತು. ಆ ಎರಡಕ್ಕೆ ಸಾಕಾಗುವ, ಕ್ಯಾಮೆರಾ ಇಲ್ಲದ, ಸಾಧಾರಣ ಬೆಲೆಯ ಯಂತ್ರವನ್ನು ಮಗನು ಕಳುಹಿಸಿದನು. ಉಳಿದ ಮೂರಕ್ಕೆ ನಿಂತೇ ಗುಡಿಸಬಹುದಾದ ಉದ್ದ ಹಿಡಿಯ ಪೊರಕೆ ಬಂದಿತು. ಕೆಲಸದಾಕೆಯ ಸಂಬಳ ಇದ್ದಂತೆಯೇ ಉಳಿಯಿತು.

ಎಲ್ಲ ಮನೆಗೂ ಇದೇ ತೀರ್ಮಾನವಾಗಬೇಕೆಂದಿಲ್ಲ. ಆದರೆ ಬೆಲೆಯನ್ನು ಕೇಳುವುದಕ್ಕೆ ಮುಂಚೆ, ಆ ಮನೆಯಲ್ಲಿ ದಿನವೂ ಪೊರಕೆ ಹಿಡಿಯುವವರು ಯಾರೋ ಅವರನ್ನು ಕೇಳುವುದು ಎಲ್ಲ ಗೃಹಸ್ಥರಿಗೂ ಸಲ್ಲುವ ಕ್ರಮ.